ಉತ್ತರದ ಹಿಂದಿನ ಲೆಕ್ಕ

ಕಾಲೇಜಿನ ವಿದ್ಯಾರ್ಥಿಯು ಮನೆಯಲ್ಲಿ ಲೆಕ್ಕ ಮಾಡಲು ಕುಳಿತಾಗ ಮೊತ್ತಮೊದಲು ಪುಸ್ತಕದ ಕೊನೆಯ ಪುಟವನ್ನು ತಿರುವುತ್ತಾನೆ. ಉತ್ತರವು ಅಲ್ಲಿ ಅಚ್ಚಾಗಿರುತ್ತದೆ. ಆ ಉತ್ತರ ಬರುವವರೆಗೆ ಒಂದಾದಮೇಲೊಂದು ಸೂತ್ರವನ್ನು ಹಚ್ಚಿ ನೋಡುವುದು, ಬಂದೊಡನೆ ಅದರ ಕೆಳಗೆ ಎರಡು ಗೆರೆ ಎಳೆದು ಪುಸ್ತಕವನ್ನು ಮುಚ್ಚುವುದು, ಇದು ನಮ್ಮಲ್ಲಿ ಬಹುಮಂದಿಯ ರೂಢಿ. ಈ ಲೇಖಕನೂ ಓದುವ ಕಾಲದಲ್ಲಿ ಹಾಗೆಯೇ ಮಾಡಿದವನಾದುದರಿಂದ ವಿದ್ಯಾರ್ಥಿಗಳನ್ನು ಬಯ್ಯುವ ಅಧಿಕಾರ ಅವನಿಗಿಲ್ಲ.

ಈ ರೂಢಿ ಇಂದಿನದೂ ಅಲ್ಲ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಸೂತ್ರವೊಂದನ್ನು ಹೇಳಿ ಅದರ ಬೆನ್ನಿಗೇ ಲೆಕ್ಕಗಳನ್ನು ಕೊಡುತ್ತ ಹೋಗುವ ಆ ಗ್ರಂಥವು ನಿಜಕ್ಕೂ ಒಂದು ಪಠ್ಯಪುಸ್ತಕ. ಸಾಲ, ಬಡ್ಡಿ, ಪಾಲುಗಾರಿಕೆಗಳ ಲೆಕ್ಕಗಳಿಗೆ ಅದರಲ್ಲಿ ‘ಮಿಶ್ರಕ ವ್ಯವಹಾರ’ವೆಂಬ ಅಧ್ಯಾಯವಿದೆ, ಗುಂಡಿ ತೋಡುವ ಲೆಕ್ಕಗಳಿಗೆ ‘ಖಾತ ವ್ಯವಹಾರ’ವಿದೆ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದ ಸಹಿತ ಮದರಾಸಿನಲ್ಲಿ ಪ್ರಕಟಿಸಿದಾಗ ಅವರು ಬಳಸಿದ ಪ್ರತಿಗಳಲ್ಲೊಂದು ನಮ್ಮ ಮೂಡುಬಿದಿರೆಯ ಜೈನ ಮಠವೊಂದರಲ್ಲಿದ್ದ ತಾಳೆಯೋಲೆಯ ನಕಲು. ಅದರ ವಿಶೇಷವೇನೆಂದರೆ, ಲೆಕ್ಕಗಳ ತಾತ್ಪರ್ಯವನ್ನೂ ಉತ್ತರಗಳನ್ನೂ ಅದು ಸಂಕ್ಷೇಪವಾಗಿ ಕನ್ನಡದಲ್ಲಿ ಕೊಡುತ್ತದೆ. ಸೂತ್ರವು ಸಂಸ್ಕೃತದಲ್ಲಿ, ಪ್ರಶ್ನೆಯೂ ಉತ್ತರವೂ ಕನ್ನಡದಲ್ಲಿ. ಇವೆರಡರ ನಡುವಣ ಹಾದಿಯು ಗುರುವಿನ ಬಾಯಲ್ಲಿ ಇದ್ದಿರಬೇಕು. (ಇಡೀ ಗ್ರಂಥದ ಕನ್ನಡ ಅನುವಾದವನ್ನು ಪದ್ಮಾವತಮ್ಮನವರು ಮಾಡಿದ್ದು, ಅದು 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ, ಕಾಲೇಜಿನ ಗ್ರಂಥಾಲಯದಲ್ಲಿ ದೊರೆತರೆ ಬಿಡದೆ ನೋಡತಕ್ಕದ್ದು.)

ಆ ನಡುವಣ ಹಾದಿಯ ವಿಚಾರವನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ಅದಕ್ಕೆ ಮೂಡುಬಿದಿರೆಗೆ ಸಮೀಪದ ಶಿರ್ತಾಡಿಯ ಒಂದು ಮನೆಯನ್ನು ಆರಿಸಿಕೊಂಡಿದ್ದೇನೆ. ಮುರಕಲ್ಲಿನ ಗೋಡೆ, ಮುಂದೆ ಅಡಿಕೆ ಒಣಗಿಸುವ ಅಂಗಳ, ಪಕ್ಕದಲ್ಲಿ ಬಾವಿ, ಇಳಿಜಾರಿನ ಕೆಳಗೆ ತೋಟ. ಮನೆಯ ಮಗಳು ಬಿ.ಎಸ್ಸಿ. ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಅವಳ ತಮ್ಮನು ಬಿ.ಕಾಂ. ಓದುತ್ತಿದ್ದಾನೆ.

ನಾನು ತರಗತಿಗೆ ಕೊಟ್ಟಿದ್ದ ಲೆಕ್ಕವು ಹಳೆಯದೇ. ಬಾವಿಯೊಳಕ್ಕೆ ಕಲ್ಲನ್ನು ಬಿಟ್ಟು, ನೀರಿಗೆ ಬಿದ್ದ ಸದ್ದು ಕೇಳುವವರೆಗಿನ ಕಾಲವನ್ನು ಅಳೆದರೆ, ನೀರಿನ ಮಟ್ಟವು ಎಷ್ಟು ಕೆಳಗಿದೆಯೆಂದು ತಿಳಿಯಬಹುದಷ್ಟೆ. ಪುಸ್ತಕದ ಅಂಕಿಗಳ ಬದಲು ಅವರವರ ಮನೆಯ ಬಾವಿಯನ್ನೇ ಅಳೆದು ತರಬೇಕೆಂದು ಹೇಳಿದ್ದೆ. ಈಕೆ ತಂದ ಉತ್ತರ 12.007 ಮೀಟರು.

ಅವಳ ಕ್ರಮದಲ್ಲಿ ತಪ್ಪೇನೂ ಇರಲಿಲ್ಲ. ಮೊಬೈಲಿನ ಗಡಿಯಾರದಿಂದ ಒಂಬತ್ತು ಸಲ ಕಾಲವನ್ನು ಅಳೆದಿದ್ದಳು. ಬಂದ ಅಂಕಿಗಳು ಸೆಕೆಂಡುಗಳಲ್ಲಿ ಹೀಗಿದ್ದುವು: 1.52, 1.68, 1.59, 1.74, 1.61, 1.55, 1.66, 1.49, 1.56. ಮೊತ್ತವು 14.40, ಸರಾಸರಿ 1.60. ಈ 1.60 ಸೆಕೆಂಡಿನಲ್ಲಿ ಎರಡು ಕಾಲಗಳು ಸೇರಿವೆಯೆಂಬುದನ್ನೂ ಅವಳು ಮರೆತಿರಲಿಲ್ಲ: ಕಲ್ಲು ಕೆಳಗೆ ಬೀಳುವ ಕಾಲ, ಸದ್ದು ಮೇಲೆ ಬರುವ ಕಾಲ. ಇವೆರಡನ್ನೂ ಒಂದೇ ಸಮೀಕರಣದಲ್ಲಿಟ್ಟು, ಅದನ್ನು ವರ್ಗಸಮೀಕರಣವಾಗಿ ಮಾರ್ಪಡಿಸಿ, ಅರ್ಧ ಪುಟದಲ್ಲಿ ಬಿಡಿಸಿದ್ದಳು.

ಅಷ್ಟು ಶ್ರಮವೂ ಬೇಕಿರಲಿಲ್ಲ. ಮೊದಲು ಸದ್ದಿನ ಕಾಲವನ್ನು ಮರೆತುಬಿಡೋಣ. ಬೀಳುವ ದೂರವೆಂದರೆ ಗುರುತ್ವ ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದಷ್ಟು: 4.9 × 1.60 × 1.60 = 12.54 ಮೀಟರು. ಇದು ಹೆಚ್ಚಾಯಿತು, ಏಕೆಂದರೆ ಪೂರ್ತಿ ಕಾಲವನ್ನು ಕಲ್ಲಿಗೇ ಕೊಟ್ಟೆವು. 27 ಡಿಗ್ರಿ ಶಾಖದಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 347 ಮೀಟರು. 12.54 ಮೀಟರು ಮೇಲೇರಲು ಅದಕ್ಕೆ 0.036 ಸೆಕೆಂಡು ಬೇಕು. ಅದನ್ನು ಕಳೆದರೆ ಕಲ್ಲಿಗೆ ಉಳಿಯುವುದು 1.564, ಆಗ ದೂರ 11.99. ಈ ಹೊಸ ದೂರದಿಂದ ಸದ್ದಿನ ಕಾಲವನ್ನು ಮತ್ತೊಮ್ಮೆ ತಿದ್ದಿದರೆ 0.0346, ದೂರ 12.01. ಮೂರನೆಯ ಸಲ ತಿದ್ದಿದರೆ ಬದಲಾವಣೆ ಕಾಣುವುದೇ ಇಲ್ಲ. ಒರಟಾದ ಉತ್ತರದಿಂದ ಹೊರಟು, ಅದರ ದೋಷವನ್ನು ಅದರಿಂದಲೇ ತಿದ್ದುತ್ತ ಹೋಗುವ ಈ ಉಪಾಯವು ವರ್ಗಸಮೀಕರಣಕ್ಕೆ ನಿಲುಕದ ಅನೇಕ ಲೆಕ್ಕಗಳಲ್ಲಿ ಕೈಹಿಡಿಯುತ್ತದೆ. ಈ ಲೇಖನದಲ್ಲಿಯೇ ಮುಂದೆ ಅದರ ಕೆಲಸವಿದೆ.

ಆದರೆ 12.007 ಎಂಬ ಅಂಕಿಯಲ್ಲಿ ಕೊನೆಯ 7ರ ಅರ್ಥವೇನು? ಏಳು ಮಿಲಿಮೀಟರು. ಗುರುತ್ವ ವೇಗೋತ್ಕರ್ಷವನ್ನು ಪುಸ್ತಕದಲ್ಲಿರುವಂತೆ 9.8 ಎಂದು ಹಿಡಿದಿದ್ದಾಳೆ. ಭೂಮಧ್ಯರೇಖೆಯಿಂದ 13 ಡಿಗ್ರಿಯಷ್ಟೇ ಉತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಅದು 9.78. ಇಷ್ಟರಿಂದಲೇ ಉತ್ತರವು ಎರಡು ಸೆಂಟಿಮೀಟರಿಗಿಂತ ಹೆಚ್ಚು ಬದಲಾಗುತ್ತದೆ. ಕಾಲದ ಅಳತೆಯ ದೋಷ ಇನ್ನೂ ದೊಡ್ಡದು. ನೀರನ್ನು ಸೇರುವ ಹೊತ್ತಿಗೆ ಕಲ್ಲಿನ ವೇಗ ಸೆಕೆಂಡಿಗೆ ಹದಿನೈದು ಮೀಟರಿನಷ್ಟಿರುವುದರಿಂದ ಕಾಲದಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲು ತಪ್ಪಿದರೆ ಆಳದಲ್ಲಿ ಒಂದೂವರೆ ಮೀಟರು ತಪ್ಪುತ್ತದೆ. ಸದ್ದಿನ ಕಾಲವನ್ನು ಕಳೆದುದರಿಂದ ಆದ ತಿದ್ದುಪಡಿ ಕೇವಲ ಅರ್ಧ ಮೀಟರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇಲ್ಲಿ ಸಂಖ್ಯಾಶಾಸ್ತ್ರದ ಪಾಠ ಕೆಲಸಕ್ಕೆ ಬರುತ್ತದೆ. ಅದೇ ವಾರ ಅವಳು ಆ ಪಾಠದ ಲೆಕ್ಕಗಳನ್ನೂ ಬೇರೊಂದು ನೋಟುಪುಸ್ತಕದಲ್ಲಿ ಮಾಡಿದ್ದಳು. ಒಂದು ಪುಸ್ತಕದ ಲೆಕ್ಕ ಇನ್ನೊಂದಕ್ಕೆ ಬೇಕಾಗಬಹುದೆಂದು ಮಾತ್ರ ಹೊಳೆದಿರಲಿಲ್ಲ. ಒಂಬತ್ತು ಅಂಕಿಗಳಲ್ಲಿ ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರವಿದೆಯೆಂದು ಬರೆಯಿರಿ: 0.08, 0.08, 0.01, 0.14, 0.01, 0.05, 0.06, 0.11, 0.04. ಇವುಗಳ ವರ್ಗಗಳ ಮೊತ್ತ 0.0524. ಒಂಬತ್ತಕ್ಕೆ ಒಂದು ಕಡಿಮೆ, ಅಂದರೆ ಎಂಟರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.081 ಸೆಕೆಂಡು. ಇದು ಒಂದೊಂದು ಅಳತೆಯ ಚೆದುರುವಿಕೆಯ ಮಾನ. ಒಂಬತ್ತು ಅಳತೆಗಳ ಸರಾಸರಿಯ ಚೆದುರುವಿಕೆ ಇದರ ಮೂರನೆಯ ಒಂದು ಪಾಲು, ಏಕೆಂದರೆ ಒಂಬತ್ತರ ವರ್ಗಮೂಲ ಮೂರು: 0.027 ಸೆಕೆಂಡು. ಆಳದಲ್ಲಿ ಅದು 0.4 ಮೀಟರು. ಆದುದರಿಂದ ಅವಳು ಬರೆಯಬೇಕಾಗಿದ್ದ ಉತ್ತರ 12.0 ಮೀಟರು, ಹೆಚ್ಚು ಕಡಮೆ 0.4.

ಅಳತೆಗಳು ಕೆಲವೇ ಇದ್ದಾಗ ಈ 0.4ನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೂ ಒಂದು ಲೆಕ್ಕವಿದೆ. ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ ಎಂಬವನು ಅದನ್ನು 1908ರಲ್ಲಿ ಪ್ರಕಟಿಸಿದನು. ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಾರ್ಖಾನೆಯ ಒಪ್ಪಿಗೆ ಇರಲಿಲ್ಲವಾಗಿ ಅವನು ‘ವಿದ್ಯಾರ್ಥಿ’ ಎಂಬ ಅರ್ಥದ ‘ಸ್ಟೂಡೆಂಟ್’ ಎಂಬ ಹೆಸರನ್ನು ಇಟ್ಟುಕೊಂಡನು. ಪರೀಕ್ಷೆಗೆ ಓದುವಾಗ ಆ ಹೆಸರು ಎಲ್ಲಿಂದ ಬಂತೆಂದು ತಲೆ ಕೆರೆದುಕೊಂಡವರು ಇದನ್ನು ನೆನಪಿಡಬಹುದು. ಅವನ ಕೋಷ್ಟಕದಂತೆ ಒಂಬತ್ತು ಅಳತೆಗಳಿಗೆ ಗುಣಕವು 2.3. ನೂರಕ್ಕೆ ತೊಂಬತ್ತೈದರ ಭರವಸೆ ಬೇಕಾದರೆ 0.4ನ್ನು 2.3ರಿಂದ ಗುಣಿಸಿ ಸುಮಾರು 0.9 ಎನ್ನಬೇಕು. ನೀರು 11.1ರಿಂದ 12.9 ಮೀಟರಿನ ನಡುವೆ ಇರಬೇಕಾಯಿತು.

ಒಂದು ಭಾನುವಾರ ನಾನು ಆ ಮನೆಗೆ ಹೋದೆ. ಮಾರ್ಚ್ ತಿಂಗಳು, ಬಾವಿಯ ನೀರು ಇಳಿಯತೊಡಗಿತ್ತು. ಅಜ್ಜಿಯವರು ಬಾವಿಕಟ್ಟೆಯ ಬಳಿ ನಿಂತು, “ಕುಡಿಯುವ ನೀರಿಗೆ ಕಲ್ಲು ಹಾಕಲಿಕ್ಕೆ ಕಲಿಸಿದ್ದು ನೀವೆಯೋ ಮಾಷ್ಟ್ರೇ?” ಎಂದು ಕೇಳಿದರು. ಕಲ್ಲುಗಳನ್ನು ತೊಳೆದು ಹಾಕಿದ್ದೇವೆಂದು ಹುಡುಗಿ ಸಮಾಧಾನ ಹೇಳಿದಳು. ಆಳವೆಷ್ಟೆಂದು ನಾನು ವಿಚಾರಿಸಿದಾಗ ಅಜ್ಜಿಯವರು ಯೋಚಿಸದೆಯೇ, “ಈಗ ಐದೂವರೆ ಮಾರು ಹಗ್ಗ ಬೇಕು” ಎಂದರು.

ಒಂದು ಮಾರು ಎಂದರೆ ಎರಡು ಕೈಗಳನ್ನೂ ಚಾಚಿದಾಗಿನ ಉದ್ದ, ಆರು ಅಡಿ. ಐದೂವರೆ ಮಾರೆಂದರೆ ಮೂವತ್ತಮೂರು ಅಡಿ, ಸುಮಾರು ಹತ್ತು ಮೀಟರು! ಕೊಡಪಾನವನ್ನು ನೀರಿಗೆ ತಾಗಿಸಿ, ಹಗ್ಗಕ್ಕೆ ಗುರುತು ಹಾಕಿ, ಮೇಲೆಳೆದು ಟೇಪು ಹಿಡಿದು ನೋಡಿದೆವು. ಸರಿಯಾಗಿ 10.0 ಮೀಟರು.

ಎರಡು ಮೀಟರಿನ ವ್ಯತ್ಯಾಸ. ಅವಳ ದೋಷದ ಮಾನದ ಐದು ಪಟ್ಟು. ಇದನ್ನು ಆಕಸ್ಮಿಕವೆನ್ನುವಂತಿಲ್ಲ. ಒಂಬತ್ತರ ಬದಲು ತೊಂಬತ್ತು ಕಲ್ಲು ಹಾಕಿದ್ದರೂ ಸರಾಸರಿಯು 1.60ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು, ತಪ್ಪು ಉತ್ತರದ ಮೇಲಿನ ವಿಶ್ವಾಸ ಮಾತ್ರ ಬೆಳೆಯುತ್ತಿತ್ತು. ಅತ್ತಿತ್ತ ಚೆದುರುವ ದೋಷವನ್ನು ಸರಾಸರಿ ಅಳಿಸುತ್ತದೆ. ಸದಾ ಒಂದೇ ಕಡೆಗೆ ಎಳೆಯುವ ದೋಷವನ್ನು ಅದು ಮುಟ್ಟುವುದೂ ಇಲ್ಲ. ಈ ಎರಡನೆಯದನ್ನು ಹುಡುಕಲು ಅಂಕಿಗಳನ್ನು ಬಿಟ್ಟು ಅಳೆಯುವ ಕೈಯನ್ನು ನೋಡಬೇಕು.

ಕಲ್ಲನ್ನು ಬಿಡುವಾಗ ಅವಳು ತಾನೇ ಬಿಡುತ್ತಾಳೆ, ತಾನೇ ಗಡಿಯಾರವನ್ನು ಒತ್ತುತ್ತಾಳೆ. ಎರಡೂ ಒಂದೇ ಸಂಕಲ್ಪದಿಂದ ಒಟ್ಟಿಗೆ ಆಗುತ್ತವೆ. ಸದ್ದು ಬರುವಾಗ ಹಾಗಲ್ಲ. ಸದ್ದು ಕಿವಿಗೆ ಮುಟ್ಟಿ, ಮನಸ್ಸಿಗೆ ತಿಳಿದು, ಬೆರಳು ಒತ್ತುವಷ್ಟರಲ್ಲಿ ಸ್ವಲ್ಪ ಕಾಲ ಕಳೆದುಹೋಗುತ್ತದೆ. ಹತ್ತು ಮೀಟರಿಗೆ ಕಲ್ಲೂ ಸದ್ದೂ ಸೇರಿ ಬೇಕಾದ ಕಾಲ 1.46 ಸೆಕೆಂಡು, ಅವಳ ಗಡಿಯಾರ ತೋರಿಸಿದ್ದು 1.60. ಪ್ರತಿ ಸಲವೂ 0.14 ಸೆಕೆಂಡು ತಡ.

ಈ ತಡದಿಂದ ಹಿಂದೊಮ್ಮೆ ಒಬ್ಬನ ಕೆಲಸವೇ ಹೋಯಿತು. ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಮಾಸ್ಕಲಿನ್ ಎಂಬವನು ತನ್ನ ಸಹಾಯಕ ಕಿನ್ನೆಬ್ರೂಕನನ್ನು 1796ರಲ್ಲಿ ಕೆಲಸದಿಂದ ತೆಗೆದನು. ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವ ಕ್ಷಣವನ್ನು ಅವನು ಮಾಸ್ಕಲಿನ್ನನಿಗಿಂತ 0.8 ಸೆಕೆಂಡು ತಡವಾಗಿ ಗುರುತಿಸುತ್ತಿದ್ದುದೇ ಅಪರಾಧ. ಮುಂದೆ ಜರ್ಮನಿಯ ಬೆಸ್ಸೆಲನು ಇದನ್ನು ಓದಿ, ನುರಿತ ಖಗೋಳಜ್ಞರನ್ನೇ ಹೋಲಿಸಿ ನೋಡಿ, ಇಂಥ ಅಂತರವು ವ್ಯಕ್ತಿಯಿಂದ ವ್ಯಕ್ತಿಗೆ ಇದ್ದೇ ಇರುತ್ತದೆಂದು ತೋರಿಸಿಕೊಟ್ಟನು. ಕಿನ್ನೆಬ್ರೂಕನಿಗೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ.

ನಾವು ಅಂಗಳದಲ್ಲಿ ಇನ್ನೊಂದು ಪ್ರಯೋಗ ಮಾಡಿದೆವು. 1.25 ಮೀಟರು ಎತ್ತರದಿಂದ ಚಪ್ಪಡಿಕಲ್ಲಿನ ಮೇಲೆ ಅದೇ ಬೆಣಚುಕಲ್ಲನ್ನು, ಕಣ್ಣು ಮುಚ್ಚಿಕೊಂಡು, ಸದ್ದನ್ನಷ್ಟೇ ಕೇಳಿ ಅವಳು ಒಂಬತ್ತು ಸಲ ಅಳೆದಳು. ಲೆಕ್ಕದಂತೆ ಬೇಕಾದುದು 0.51 ಸೆಕೆಂಡು, ಸರಾಸರಿ ಬಂದುದು 0.65. ಅದೇ 0.14! ಇದನ್ನು 1.60ರಿಂದ ಕಳೆದು ಮತ್ತೆ ಲೆಕ್ಕ ಮಾಡಿದರೆ ಬಾವಿಯ ಆಳ 10.0 ಮೀಟರಿಗೇ ಬರುತ್ತದೆ. ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಹಗ್ಗದ ಅಳತೆ ತಿಳಿದ ಮೇಲೆ ನಾವು ಈ ಪ್ರಯೋಗ ಮಾಡಿದೆವು. ಬೇಕಾದ ಉತ್ತರವನ್ನು ಮುಂದಿಟ್ಟುಕೊಂಡು ತಿದ್ದುಪಡಿಯನ್ನು ಹುಡುಕುವುದಕ್ಕೂ ಪುಸ್ತಕದ ಕೊನೆಯ ಪುಟವನ್ನು ಮೊದಲೇ ನೋಡುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಬೆರಳಿನ ತಡವನ್ನು ಮೊದಲು ಅಳೆದು, ಬಾವಿಯನ್ನು ಆಮೇಲೆ ಅಳೆಯುವುದು ಸರಿಯಾದ ಕ್ರಮ. ಓದುಗರು ತಮ್ಮ ಬಾವಿಯಲ್ಲಿ ಹಾಗೆ ಮಾಡಲಿ. ಕಲ್ಲನ್ನು ತೊಳೆಯಲು ಮರೆಯದಿರಲಿ.

ಕಾಫಿ ಕುಡಿಯುತ್ತ ಕುಳಿತಿದ್ದಾಗ ತಮ್ಮನು ತನ್ನ ಲೆಕ್ಕವನ್ನೂ ತಂದನು. ನೂರು ಕಿಲೋ ಹಸಿ ಅಡಿಕೆಯಲ್ಲಿ ತೂಕದ ನೂರಕ್ಕೆ 60ರಷ್ಟು ನೀರಿದೆ. ನೀರು ನೂರಕ್ಕೆ 10 ಆಗುವವರೆಗೆ ಒಣಗಿಸಿದರೆ ಎಷ್ಟು ಉಳಿಯುತ್ತದೆ? ಅವನ ಉತ್ತರ 50 ಕಿಲೋ: 60ರಿಂದ 10ಕ್ಕೆ ಇಳಿಯಿತು, ಐವತ್ತು ಹೋಯಿತು, ಐವತ್ತು ಉಳಿಯಿತು. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಐವತ್ತು ಕಿಲೋದಲ್ಲಿ ನೀರು ಹತ್ತು ಕಿಲೋ ಇದ್ದರೆ ಅದು ನೂರಕ್ಕೆ ಹತ್ತಲ್ಲ, ನೂರಕ್ಕೆ ಇಪ್ಪತ್ತು. ಒಣಗುವಾಗ ಬದಲಾಗದೆ ಉಳಿಯುವುದು ಯಾವುದೆಂದು ಮೊದಲು ಕೇಳಬೇಕು. ನೀರಲ್ಲದ 40 ಕಿಲೋ ಬದಲಾಗುವುದಿಲ್ಲ. ಕೊನೆಯಲ್ಲಿ ಅದು ನೂರಕ್ಕೆ 90 ಭಾಗ. ಹಾಗಾದರೆ ಒಟ್ಟು ತೂಕ 40ನ್ನು 0.9ರಿಂದ ಭಾಗಿಸಿದಷ್ಟು, ಅಂದರೆ 44.4 ಕಿಲೋ.

ಮನೆಯ ಯಜಮಾನರು ಇದನ್ನು ಕೇಳುತ್ತಿದ್ದರು. ನಮ್ಮ ಕರಾವಳಿಯಲ್ಲಿ ಹಣ್ಣಡಿಕೆಯನ್ನು ಸಿಪ್ಪೆಸಹಿತ ಅಂಗಳದ ಬಿಸಿಲಿನಲ್ಲಿ ಮೂವತ್ತೈದು ನಲವತ್ತು ದಿನ ಒಣಗಿಸಿ ಚಾಲಿ ಮಾಡುವುದಷ್ಟೆ. ಅವರು ಅಂಗಳದಿಂದ ಒಂದು ಅಡಿಕೆಯನ್ನು ಹೆಕ್ಕಿ ಕಿವಿಯ ಬಳಿ ಅಲುಗಾಡಿಸಿದರು. ಒಳಗಿನ ಗೋಟು ಗಲಗಲಿಸಿತು. “ನಮಗೆ ನೂರಕ್ಕೆ ಎಷ್ಟು ಅಂತ ಗೊತ್ತಿಲ್ಲ ಮಾಷ್ಟ್ರೇ, ಇದು ಗೊತ್ತು. ಆದರೆ ನೂರಕ್ಕೆ ಅಂತ ಹೇಳಿದರೆ ಯಾವ ನೂರಕ್ಕೆ ಅಂತ ಕೇಳಬೇಕು ಅಂತಾಯಿತಲ್ಲ?” ಎಂದರು.

ಆ ಮಾತು ಆಡಿದವರು ಒಂದು ಕ್ಷಣ ಸುಮ್ಮನಿದ್ದು ಒಳಗೆ ಹೋಗಿ ಒಂದು ಕಾಗದದ ಕಟ್ಟನ್ನು ತಂದರು. ಅಡಿಕೆ ಸುಲಿಯುವ ಯಂತ್ರಕ್ಕಾಗಿ ಮೂರು ವಾರಗಳ ಹಿಂದೆ 60,000 ರೂಪಾಯಿ ಸಾಲ ಪಡೆದಿದ್ದರು. ವರ್ಷಕ್ಕೆ ನೂರಕ್ಕೆ 12ರ ಬಡ್ಡಿ. ಎರಡು ವರ್ಷಕ್ಕೆ ಬಡ್ಡಿ 14,400. ಅಸಲೂ ಬಡ್ಡಿಯೂ ಸೇರಿ 74,400. ಇಪ್ಪತ್ತನಾಲ್ಕು ಕಂತಾಗಿ ಹಂಚಿದರೆ ತಿಂಗಳಿಗೆ 3,100. ಇನ್ನೊಂದು ಕಡೆ ನೂರಕ್ಕೆ 15ರಂತೆ, ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕುವ ಸಾಲವೂ ಸಿಗುತ್ತಿತ್ತು. ಹದಿನೈದಕ್ಕಿಂತ ಹನ್ನೆರಡು ಕಡಿಮೆಯೆಂದು ಇದನ್ನೇ ಆರಿಸಿಕೊಂಡಿದ್ದರು. ಮಗನೂ ಹಾಗೆಯೇ ಹೇಳಿದ್ದನಂತೆ.

ಆ ಮಗನ ನೋಟುಪುಸ್ತಕದಲ್ಲಿ, ಅದೇ ತಿಂಗಳಿನ ಪುಟದಲ್ಲಿ, ಕಂತಿನ ಸಾಲದ ಇಂಥದೇ ಲೆಕ್ಕವಿತ್ತು. ಸೂತ್ರ ಸರಿ, ಉತ್ತರ ಸರಿ, ಅಧ್ಯಾಪಕರ ಕೆಂಪು ಗುರುತೂ ಇತ್ತು. ಮನೆಯ ಲೆಕ್ಕಕ್ಕೆ ಕೊನೆಯ ಪುಟದಲ್ಲಿ ಉತ್ತರವಿರಲಿಲ್ಲ. ಅದೊಂದು ಲೆಕ್ಕವೆಂದೇ ಅವನಿಗೆ ತೋರಿರಲಿಲ್ಲ.

ಯಾವ ನೂರಕ್ಕೆ ಹನ್ನೆರಡು? ಎರಡು ವರ್ಷವೂ ಪೂರ್ತಿ 60,000 ರೂಪಾಯಿ ಸಾಲಗಾರನ ಕೈಯಲ್ಲಿದ್ದರೆ ಹನ್ನೆರಡೆಂಬುದು ಸತ್ಯ. ಆದರೆ ತಿಂಗಳು ತಿಂಗಳೂ ಅಸಲು ಹಿಂದಕ್ಕೆ ಹೋಗುತ್ತಿದೆ. ಒರಟಾಗಿ ನೋಡೋಣ. ಅಸಲು ತಿಂಗಳಿಗೆ 2,500ರಂತೆ ತೀರುತ್ತದೆಂದುಕೊಂಡರೆ ಅವರ ಕೈಯಲ್ಲಿರುವ ಹಣ ಮೊದಲ ತಿಂಗಳು 60,000, ಕೊನೆಯ ತಿಂಗಳು 2,500, ಸರಾಸರಿ 31,250. ವರ್ಷದ ಬಡ್ಡಿ 7,200. ಅಂದರೆ ನೂರಕ್ಕೆ 23!

ಬಾವಿಯಲ್ಲಿ ಮಾಡಿದಂತೆ ಇಲ್ಲಿಯೂ ಒರಟು ಉತ್ತರವನ್ನು ತಿದ್ದಬೇಕು. ಸಮಾನ ಕಂತಿನಲ್ಲಿ ಮೊದಮೊದಲು ಬಡ್ಡಿಯ ಭಾಗ ಹೆಚ್ಚು, ಅಸಲಿನ ಭಾಗ ಕಡಿಮೆ. ಆದುದರಿಂದ ಅಸಲು ನಾವೆಣಿಸಿದ್ದಕ್ಕಿಂತ ನಿಧಾನವಾಗಿ ತೀರುತ್ತದೆ, ದರವು 23ಕ್ಕಿಂತ ಸ್ವಲ್ಪ ಕೆಳಗಿರಬೇಕು. ತಿಂಗಳಿಗೆ ನೂರಕ್ಕೆ 1.8 ಎಂದು ಊಹಿಸೋಣ. (ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟೆಂದು ಹೇಳುವುದೇ ನಮ್ಮ ಹಳೆಯ ಗಣಿತಗ್ರಂಥಗಳ ಪದ್ಧತಿ.) ಮೊದಲ ತಿಂಗಳ ಬಡ್ಡಿ 1,080, 3,100ರಲ್ಲಿ ಅದನ್ನು ಕಳೆದರೆ ಅಸಲಿಗೆ ಜಮೆ 2,020, ಬಾಕಿ 57,980. ಎರಡನೆಯ ತಿಂಗಳ ಬಡ್ಡಿ 1,043 ರೂಪಾಯಿ 64 ಪೈಸೆ. ಬಾಕಿ 55,923 ರೂಪಾಯಿ 64 ಪೈಸೆ. ಹೀಗೆ ಇಪ್ಪತ್ತನಾಲ್ಕು ಸಾಲು ಬರೆದರೆ ಕೊನೆಗೆ ಬಾಕಿ ಸೊನ್ನೆಯಾಗಬೇಕು.

ಇಪ್ಪತ್ತನಾಲ್ಕು ಸಾಲು ಬರೆಯಲು ಬೇಸರವಾದರೆ ಹತ್ತಿರದ ದಾರಿಯುಂಟು. 60,000ವು ಇಪ್ಪತ್ತನಾಲ್ಕು ತಿಂಗಳಲ್ಲಿ ಎಷ್ಟಾಗುತ್ತದೆಂದು ತಿಳಿಯಲು 1.018ನ್ನು ಇಪ್ಪತ್ತನಾಲ್ಕು ಸಲ ಗುಣಿಸಬೇಕಾಗಿಲ್ಲ. ಅದನ್ನು ಅದರಿಂದಲೇ ಗುಣಿಸಿ. ಬಂದುದನ್ನು ಮತ್ತೆ ಅದರಿಂದಲೇ ಗುಣಿಸಿ. ಎರಡನೆಯ ಘಾತ 1.03632, ನಾಲ್ಕನೆಯದು 1.07397, ಎಂಟನೆಯದು 1.15341, ಹದಿನಾರನೆಯದು 1.33035. ಹದಿನಾರನೆಯದನ್ನೂ ಎಂಟನೆಯದನ್ನೂ ಗುಣಿಸಿದರೆ ಇಪ್ಪತ್ತನಾಲ್ಕನೆಯದು: 1.5344. ಐದೇ ಗುಣಾಕಾರ! ಹದಿನಾರಕ್ಕೆ ನಾಲ್ಕು ಗುಣಾಕಾರ ಸಾಕಾದುದು ಹದಿನಾರನ್ನು ನಾಲ್ಕು ಸಲ ಅರ್ಧಿಸಿದರೆ ಒಂದಾಗುವುದರಿಂದ. ಒಂದು ಸಂಖ್ಯೆಯನ್ನು ಹೀಗೆ ಎಷ್ಟು ಸಲ ಅರ್ಧಿಸಬಹುದೋ ಆ ಎಣಿಕೆಗೆ ‘ಅರ್ಧಚ್ಛೇದ’ವೆಂದು ಹೆಸರಿಟ್ಟು, ಅದರ ನಿಯಮಗಳನ್ನು ಬಳಸಿದ ಗ್ರಂಥ ವೀರಸೇನನ ‘ಧವಲಾ’. ಇಂದಿನ ಭಾಷೆಯಲ್ಲಿ ಅದು ಎರಡನ್ನು ಆಧಾರವಾಗಿ ಉಳ್ಳ ಲಾಗರಿದಮು. 9ನೆಯ ಶತಮಾನದ ಆ ಗ್ರಂಥವು, ಕನ್ನಡ ಲಿಪಿಯ ತಾಳೆಯೋಲೆಗಳಲ್ಲಿ, ಶತಮಾನಗಳ ಕಾಲ ಉಳಿದು ಬಂದುದು ಮೂಡುಬಿದಿರೆಯ ಬಸದಿಯಲ್ಲಿ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಈ ಮಕ್ಕಳು ದಿನವೂ ಮುಟ್ಟುವ ಊರು ಅದು.

ಈಗ ಲೆಕ್ಕ ಮುಗಿಯಿತೆಂದೇ ತಿಳಿಯಿರಿ. 60,000 ರೂಪಾಯಿ ಬೆಳೆದು 92,066 ಆಗುತ್ತದೆ. ಕಟ್ಟಿದ ಕಂತುಗಳೂ ಅದೇ ದರದಲ್ಲಿ ಬೆಳೆದು, 3,100ನ್ನು 0.534428ರಿಂದ ಗುಣಿಸಿ 0.018ರಿಂದ ಭಾಗಿಸಿದಷ್ಟು, ಅಂದರೆ 92,040 ಆಗುತ್ತವೆ. ಉಳಿದ ಬಾಕಿ ಸುಮಾರು 25 ರೂಪಾಯಿ. ಸೊನ್ನೆಯಾಗದೆ ಸ್ವಲ್ಪ ಉಳಿದುದರಿಂದ ನಿಜವಾದ ದರವು 1.8ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಇನ್ನೊಮ್ಮೆ ತಿದ್ದಿದರೆ 1.7976, ವರ್ಷಕ್ಕೆ ನೂರಕ್ಕೆ 21.57.

ತಮ್ಮನು ಇನ್ನೊಂದು ಸಾಲದ ಲೆಕ್ಕವನ್ನೂ ತಾನಾಗಿಯೇ ಮಾಡಿದನು. ತಿಂಗಳಿಗೆ ನೂರಕ್ಕೆ 1.25ರಂತೆ ಅದೇ 60,000ಕ್ಕೆ ಕಂತು 2,909 ರೂಪಾಯಿ. ಎರಡು ವರ್ಷಕ್ಕೆ ಒಟ್ಟು 69,820ರ ಆಸುಪಾಸು. ಹನ್ನೆರಡೆಂಬ ಸಾಲಕ್ಕೆ ಹದಿನೈದೆಂಬ ಸಾಲಕ್ಕಿಂತ 4,580 ರೂಪಾಯಿ ಹೆಚ್ಚು ಕಟ್ಟಬೇಕಾಗಿತ್ತು. ಆ ಮೊತ್ತವನ್ನು ಅವನು ಮೆಲ್ಲನೆ ಓದಿ ಹೇಳಿದನು. ತಂದೆಯವರು ಏನೂ ಅನ್ನಲಿಲ್ಲ.

ಆಗ ಅಕ್ಕನು ಕಾಗದದ ಕಟ್ಟನ್ನು ತಿರುವಿಹಾಕುತ್ತಿದ್ದವಳು ಒಂದು ಹಾಳೆಯನ್ನು ಎತ್ತಿ ಹಿಡಿದಳು. ಭಾರತೀಯ ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ, ತನ್ನ ಅಧೀನದ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಕೊಡುವ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮಗಳ ಸಾಲಗಳಿಗೂ ಒಂದು ‘ಮುಖ್ಯಾಂಶ ಪತ್ರ’ವನ್ನು ಕಡ್ಡಾಯ ಮಾಡಿದೆ. ಎಲ್ಲ ವೆಚ್ಚವೂ ಸೇರಿದ ನಿಜವಾದ ವಾರ್ಷಿಕ ದರವನ್ನು ಅದರಲ್ಲಿ ಕಾಣಿಸಲೇಬೇಕು. ಹಾಳೆಯ ಮಧ್ಯದಲ್ಲಿ, ಒಂದು ಸಾಲಿನ ಎದುರು, 21.57 ಎಂದು ಅಚ್ಚಾಗಿತ್ತು. ಉತ್ತರವು ಕಾಗದದಲ್ಲಿ ಮೊದಲಿನಿಂದಲೂ ಇತ್ತು. ಪ್ರಶ್ನೆ ಗೊತ್ತಿಲ್ಲದವರಿಗೆ ಅದು ಉತ್ತರವೆಂದು ತಿಳಿಯುವುದಾದರೂ ಹೇಗೆ?

ಹೊರಡುವಾಗ ಯಜಮಾನರು ಅಂಗಳದ ಅಂಚಿನವರೆಗೆ ಬಂದರು. ಮುಂದಿನ ವರ್ಷದ ಚಾಲಿ ಮಾರಿದ ಹಣದಿಂದ ಈ ಸಾಲವನ್ನು ಒಮ್ಮೆಗೇ ತೀರಿಸಿಬಿಡಬಹುದೇ, ಆಗ ನ್ಯಾಯವಾಗಿ ಎಷ್ಟು ಕೊಡಬೇಕಾದೀತೆಂದು ಕೇಳಿದರು. ಅದನ್ನು ಮಗನೇ ಲೆಕ್ಕ ಹಾಕಿ ಹೇಳಲೆಂದು ನಾನು ಬಂದುಬಿಟ್ಟೆ. ಓದುಗರೂ ಮಾಡಿ ನೋಡಬಹುದು. ಹನ್ನೆರಡು ಕಂತುಗಳನ್ನು ತಪ್ಪದೆ ಕಟ್ಟಿದ ಮೇಲೆ, ತಿಂಗಳಿಗೆ ನೂರಕ್ಕೆ 1.8ರ ದರದಲ್ಲಿ, ಉಳಿದ ಬಾಕಿ ಎಷ್ಟು? ಅಸಲಿನ ಅರ್ಧವಾದ 30,000 ಎಂದು ಬರೆದವರು ಮತ್ತೊಮ್ಮೆ ಪ್ರಯತ್ನಿಸಬೇಕು. ಉಳಿದ ಹನ್ನೆರಡು ಕಂತುಗಳನ್ನು ಸುಮ್ಮನೆ ಕೂಡಿ 37,200 ಎಂದವರೂ ಹಾಗೆಯೇ. ಮೂಡುಬಿದಿರೆಯ ಓಲೆಯ ಪದ್ಧತಿಯಂತೆ ಉತ್ತರವನ್ನಷ್ಟೇ ಇಲ್ಲಿ ಕೊಟ್ಟಿದೆ: ಸುಮಾರು 33,190 ರೂಪಾಯಿ.